ಎಡಗಡೆಯದು ನನಗೆ, ಬಲಗಡೆಯದು ರಸ್ತೆಗೆ

ಜಗಳೂರು,
ಸೋಮವಾರ, ೯ನೇ ಡಿಸೆಂಬರ್ ೧೯೪೬

ನಮ್ಮ ಮನೆಯವರಿಗೆ, ದೂರದಿಂದಲೇ ಪಾದ ಮುಟ್ಟಿ ಗಾದ್ರಮ್ಮ ಬರೆಯುವುದು.

ಇಲ್ಲಿ ಅವ್ವ, ಅಣ್ಣ, ಕುರಿಮರಿ ಸಮೇತ ಎಲ್ಲರೂ ಆರಾಮ. ನಿಮ್ಮದು ಹೇಗೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೋ, ಇಲ್ಲ ರಿಪೇರಿಗೆ ಬಂದ ಹೊಲಿಗೆ ಮಿಷನ್ನುಗಳನ್ನು ಮುಂದೆ ಹರವಿಕೊಂಡು ಎಣ್ಣೆ ಕೈಯಲ್ಲೇ ಮಂಡಕ್ಕಿ ಮುಕ್ಕುತ್ತಿದ್ದೀರೋ? ನ್ಯಾಮತಿಯಲ್ಲೂ ಚಳಿ ಶುರುವಾಗಿರಬೇಕು. ಕಂಬಳಿ ಅಟ್ಟದ ಮೇಲಿದೆ, ಹುಡುಕದೆಯೇ ಇಲ್ಲ ಎನ್ನಬೇಡಿ. ನನ್ನ ಎಡಗೈ ಊತ ಇಳಿದಿದೆ. ಅವ್ವ ದಿನಾ ಎಣ್ಣೆ ನೀವಿ ಬಟ್ಟೆ ಸುತ್ತುತ್ತಾಳೆ, ಸುತ್ತುವಾಗ ನಿಮಗೂ ನಿಮ್ಮ ಫಟಫಟಿಗೂ ಸೇರಿಸಿ ಮಂಗಳಾರತಿ ಮಾಡುತ್ತಾಳೆ. ನಿನ್ನೆ ಆ ಕೈಯಲ್ಲೇ ಸೂಜಿ ಹಿಡಿದು ದಾರ ಪೋಣಿಸಿದೆ. ಅಷ್ಟರ ಮಟ್ಟಿಗೆ ಚೆನ್ನಾಗಿದ್ದೇನೆ, ನೀವು ಎದೆ ಸುಟ್ಟುಕೊಳ್ಳುವುದು ಬೇಡ.

ಈಗ ಬೈಯುವ ವಿಷಯಕ್ಕೆ ಬರುತ್ತೇನೆ. ನೀವು ನಮ್ಮಣ್ಣ ಜಂಪಣ್ಣನಿಗೆ ಬರೆದ ಕಾಗದ ಬಂತು. ಅವನಿಗೆ ಓದು ಬಾರದು, ಈ ಮನೆಗೆ ಬಂದ ಕಾಗದವನ್ನೆಲ್ಲ ಓದುವವಳು ನಾನೇ ಎಂಬುದು ನಿಮಗೆ ಮರೆತೇ ಹೋಯಿತೇ? ‘೧೫ನೇ ತಾರೀಕು ಭಾನುವಾರ ಚನ್ನಗಿರಿಯ ಅಕ್ಕಿ ಗಿರಣಿ ಮಲ್ಲೇಶಪ್ಪನವರಿಗೆ ಮೋಟಾರ್ ಸೈಕಲ್ ಒಪ್ಪಿಸಿಬಿಡುತ್ತೇನೆ, ಆಮೇಲಾದರೂ ದಯಮಾಡಿ ನಿಮ್ಮ ತಂಗಿಯನ್ನು ಕಳಿಸಿಕೊಡಿ’ ಎಂದು ನೀವು ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಅಣ್ಣ ಮೀಸೆ ತಿರುವಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಬಿದ್ದವಳು ನಾನು. ಗಾಡಿ ಮಾರುವವರೆಗೆ ತಂಗಿಯನ್ನು ಕಳಿಸುವುದಿಲ್ಲ ಎಂದವನು ಅಣ್ಣ. ಆಗಲಿ ಎಂದು ತಲೆಯಾಡಿಸಿದವರು ನೀವು. ನನ್ನನ್ನು ಯಾರಾದರೂ ಒಂದು ಮಾತು ಕೇಳಿದಿರೇನ್ರೀ?

ಗೋವಿನಕೋವಿಯ ಹತ್ತಿರ ನಾನು ಬಿದ್ದದ್ದನ್ನು ಹೊನ್ನಾಳಿಯಿಂದ ಜಗಳೂರಿನವರೆಗೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದಾರೆ. ‘ಹೆಂಡ್ತಿನ ರೋಡಿಗೆ ಎಸೆದು ಹೋದನಂತೆ’ ಎಂದು ಸಂತೆಯಲ್ಲಿ ಯಾರೋ ಅಂದರಂತೆ. ನೀವೂ ಅದನ್ನು ನಂಬಿದವರ ಹಾಗೆ ಮುಖ ಮುಚ್ಚಿಕೊಂಡು ಕೂತಿದ್ದೀರಿ. ಆದ್ದರಿಂದ ನಡೆದದ್ದನ್ನು ನನ್ನಿಂದ ಕೇಳಿ. ನಾನು ಹಿಂದಿನ ಸೀಟಿನಲ್ಲಿ ಒಂದೇ ಮಗ್ಗುಲಾಗಿ, ಸಾಮಾನಿನ ಚೀಲ ತಬ್ಬಿಕೊಂಡು ಕೂತಿದ್ದೆ. ಗಾಡಿ ತಗ್ಗಿಗೆ ಇಳಿದು ಎಗರಿತು. ನಾನೂ ಎಗರಿದೆ. ಗಾಡಿ ಮುಂದೆ ಹೋಯಿತು, ನಾನು ರಸ್ತೆ ಬದಿಯ ಹುಲ್ಲಿನ ಮೇಲೆ ಕೂತಿದ್ದೆ. ‘ರೀ’ ಎಂದು ಕೂಗಿದೆ. ಆ ಸದ್ದಿನಲ್ಲಿ ನಿಮಗೆ ಕೇಳುವುದೆಲ್ಲಿ! ಹೊಲದಲ್ಲಿ ಕೊಯ್ಲಿಗೆ ಬಂದಿದ್ದ ಹೆಂಗಸರು ಓಡಿ ಬಂದರು. ಒಬ್ಬೊಬ್ಬಳದೂ ಊರಾಚೆಗೆ ಕೇಳುವಂಥ ಗಂಟಲು. ‘ನಿನ್ನ ಗಂಡನ ಹೆಸರು ಹೇಳವ್ವ, ನಾವು ಕೂಗ್ತೀವಿ’ ಎಂದರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಮದುವೆಯಾದಾಗಿನಿಂದ ಬಾಯಿಗೆ ಬರದ ಹೆಸರು, ಕೈ ಉಳುಕಿದ ಮಾತ್ರಕ್ಕೆ ಬಂದುಬಿಡುತ್ತದೆಯೇ? ‘ನಾಯಕನಹಟ್ಟಿ ದೇವರ ಹೆಸರು’ ಎಂದೆ. ಒಬ್ಬಳು ‘ರುದ್ರಪ್ಪನಾ’ ಎಂದಳು, ಇನ್ನೊಬ್ಬಳು ‘ಅಲ್ಲ ಕಣೆ, ಸ್ವಾಮಿ ಇರಬೇಕು’ ಎಂದಳು. ತಿಪ್ಪೇರುದ್ರಸ್ವಾಮಿಯಲ್ಲಿ ಯಾವ ತುಂಡು ಹಿಡಿಯಬೇಕೆಂದು ಅವರು ಪಂಚಾಯಿತಿ ಮುಗಿಸಿ ‘ತಿಪ್ಪೇಶಪ್ಪೋ’ ಎಂದು ಕೂಗುವಷ್ಟರಲ್ಲಿ ನೀವು ತಿರುವು ದಾಟಿದ್ದಿರಿ. ಅವರು ಕೂಗಿದ್ದನ್ನು ಬರೆದಿದ್ದೇನೆ ಅಷ್ಟೆ, ನಾನು ಹೇಳಿದೆ ಎಂದು ತಿಳಿಯಬೇಡಿ. ಹೊನ್ನಾಳಿಯ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ‘ಇಳಿಯೇ, ಕಾಫಿ ಕುಡಿಯಾಣ’ ಎಂದು ಖಾಲಿ ಸೀಟಿಗೆ ಹೇಳಿದಿರಂತೆ. ಆಮೇಲೆ ಹುಚ್ಚರ ಹಾಗೆ ಗಾಡಿ ತಿರುಗಿಸಿಕೊಂಡು ಬಂದಾಗ ನಿಮ್ಮ ಮುಖ ನೋಡಿ ನನಗೇ ಅಳು ಬಂತು. ಆ ಮುಖ ನೋಡಿದವಳು ನಿಮ್ಮ ಮೇಲೆ ಸಿಟ್ಟು ಇಟ್ಟುಕೊಳ್ಳಲು ಸಾಧ್ಯವೇ ಇಲ್ಲ.

‘ಬಸ್ಸಲ್ಲಿ ಹೋಗಿ ರಿಪೇರಿ ಮಾಡಾಕೆ ಆಗಲ್ವೇನು’ ಎನ್ನುತ್ತಾನೆ ಅಣ್ಣ. ಆಗುತ್ತದೆ, ನಿಮ್ಮೊಬ್ಬರಿಗೆ. ಹೊನ್ನಾಳಿಯ ಅಖ್ತರ್‌ಬೀ ಮನೆಯಲ್ಲಿ ಮಿಷನ್ ಇರುವುದು ಗಂಡಸರು ಕಾಲಿಡದ ಹೆಂಗಸರ ಒಳಕೋಣೆಯಲ್ಲಿ. ನೀವು ಜಗಲಿಯ ಮೇಲೆ ಕೂತು ಗೋಡೆಗೆ ಹೇಳುತ್ತೀರಿ, ನಾನು ಒಳಗೆ ಸ್ಕ್ರೂ ತಿರುಗಿಸುತ್ತೇನೆ. ಮೊದಮೊದಲು ನೀವು ‘ದಾರ ಸಡಿಲ ಮಾಡು’ ಎನ್ನುವವರೆಗೆ ಕೈಕಟ್ಟಿ ಕಾಯುತ್ತಿದ್ದೆ. ಈಗೀಗ ಒಳಗೆ ಮಿಷನ್ ಓಡಲು ಶುರುವಾದ ಮೇಲೂ ನೀವು ಹೊರಗೆ ಗೋಡೆಗೆ ಪಾಠ ಹೇಳುತ್ತಲೇ ಇರುತ್ತೀರಿ. ‘ಹೇಳ್ಕಳ್ಲಿ ಬಿಡೇ, ಖುಷಿಯಾಗಿರ್ಲಿ’ ಎಂದು ಅಖ್ತರ್‌ಬೀ ನಗುತ್ತಾಳೆ. ಅಂಥ ಮನೆಗಳು ಎಷ್ಟಿಲ್ಲ! ಉಬ್ರಾಣಿ ಕಡೆಯ ಹಳ್ಳಿಗಳಿಗೆ ಹೋಗಿ ಕೆಲಸ ಮುಗಿಸಿ ಇಬ್ಬರೂ ಸಂಜೆಗೆ ಮನೆ ಸೇರುವುದು ಆ ಗಾಡಿ ಇರುವುದರಿಂದ. ಅದನ್ನು ಮಾರಿದ ಮರುದಿನದಿಂದ ನೀವು ಬಸ್ಸು ಕಾಯುತ್ತೀರಿ, ನಾನು ಒಲೆ ಮುಂದೆ ಕೂತು ನಿಮ್ಮನ್ನು ಕಾಯುತ್ತೇನೆ. ನನಗೆ ಅದು ಬೇಡ. ನನಗೆ ಆ ಕೆಲಸ ಬೇಕು, ಆ ಗಾಡಿ ಬೇಕು, ನಿಮ್ಮ ಬೆನ್ನ ಹಿಂದಿನ ಆ ಸೀಟೂ ಬೇಕು. ನಾಚಿಕೆ ಬಿಟ್ಟು ಬರೆದಿದ್ದೇನೆ, ಈ ಭಾಗವನ್ನು ಯಾರ ಮುಂದೆಯೂ ಓದಬೇಡಿ.

ಬರೀ ಬೇಕು ಬೇಕು ಎಂದರೆ ಯಾರು ಕೇಳುತ್ತಾರೆ? ಅದಕ್ಕೇ ಕನ್ನಡಿ ಹುಡುಕಲು ಹೊರಟೆ. ಅಣ್ಣ ನನ್ನನ್ನು ಇಲ್ಲಿಗೆ ಕರೆತಂದ ದಿನ ಬಸ್ಸಿನ ಡ್ರೈವರು, ಹಿಂದಿನ ಏಣಿ ಹತ್ತುತ್ತಿದ್ದವನನ್ನು ತಿರುಗಿ ನೋಡದೆಯೇ ‘ಏಯ್, ಏಣಿ ಇಳಿಯೋ, ಮ್ಯಾಲೆ ಜಾಗ ಇಲ್ಲ’ ಎಂದು ಗದರಿದ. ನೋಡಿದರೆ ಅವನ ಪಕ್ಕಕ್ಕೆ ಹೊರಗಡೆ ಒಂದು ಕನ್ನಡಿ. ಎಲಾ ಇವನ! ಮಿಲಿಟರಿಯವರು ಹರಾಜು ಹಾಕಿದ ನಮ್ಮ ಗಾಡಿಗೆ ಅದೊಂದು ಇಲ್ಲ. ಅವರೇನು ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಓಡಿಸಿದವರೇ? ಇಲ್ಲಿ ಬಜಾರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಬುಡನ್‌ಸಾಬರು ನಿಮಗೆ ಗೊತ್ತಲ್ಲ, ಅವರ ಅಂಗಡಿಗೆ ಹೋಗಿ ಫಟಫಟಿಗೆ ಕನ್ನಡಿ ಬೇಕು ಎಂದೆ. ಮೊದಲು ನಕ್ಕರು. ‘ಫಟಫಟಿ ಮುಖ ನೋಡ್ಕಂತೈತೇನವ್ವ?’ ಎಂದರು. ಕೈಗೆ ಸುತ್ತಿದ ಬಟ್ಟೆ ತೋರಿಸಿದ ಮೇಲೆ ಸ್ಟೂಲು ಎಳೆದು ಕೂರಿಸಿದರು.

ಅವರಲ್ಲಿ ಮೂರು ಥರದ್ದು ಸಿಕ್ಕಿತು. ಒಂದು, ಮುರಿದ ಬಸ್ಸಿನದು, ಉದ್ದ, ಕಬ್ಬಿಣದ ಚೌಕಟ್ಟು. ನೋಡಲು ಠೀವಿಯಾಗಿದೆ, ನನಗೆ ಆಸೆಯೂ ಆಯಿತು, ಆದರೆ ಅದನ್ನು ಕಟ್ಟಿದರೆ ಹ್ಯಾಂಡಲ್ಲು ಆ ಕಡೆಗೇ ವಾಲುತ್ತದೆ. ಇನ್ನೊಂದು ದಾವಣಗೆರೆಯಿಂದ ಬಂದ ಸೈಕಲ್ ಕನ್ನಡಿ, ಗುಂಡಗೆ, ನಡುವೆ ಸ್ವಲ್ಪ ಉಬ್ಬಿದೆ. ಮೂರನೆಯದು ಅವರು ತಮ್ಮಲ್ಲಿದ್ದ ದೊಡ್ಡ ಕನ್ನಡಿಯಿಂದ ಅಂಗೈಯಗಲ ಕತ್ತರಿಸಿಕೊಡುತ್ತೇನೆಂದ ಚಪ್ಪಟೆ ಗಾಜು. ‘ಬೆಲ್ಜಿಯಂ ಗಾಜು ಕಣವ್ವ, ಲಡಾಯಿಗೆ ಮುಂಚಿನ ಮಾಲು, ಈಗ ಹುಡುಕಿದ್ರೂ ಸಿಗಾಕಿಲ್ಲ’ ಎಂದು ಅದನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ತೋರಿಸಿದರು. ಅವ್ವ ಮಾತ್ರ ಕನ್ನಡಿ ಕತ್ತರಿಸುವುದು ಅಪಶಕುನ ಎಂದು ಅಂಗಡಿಯ ಬಾಗಿಲಲ್ಲೇ ರಂಪ ಮಾಡಿದಳು. ‘ಅವ್ವಾ, ಗಂಡನ ಮನೆ ಬಿಟ್ಟು ಇಲ್ಲಿ ಕೂತಿರೋದು ಶುಭ ಶಕುನವೇನು’ ಎಂದೆ. ದುಡ್ಡಿನ ಮಾತು ಬರಲಿಲ್ಲ, ಬುಡನ್‌ಸಾಬರ ಮನೆಯಾಕೆ ತಾಜ್‌ಬೀಯ ಮಿಷನ್ನು ದಾರ ಕತ್ತರಿಸುತ್ತಿತ್ತು, ಒಳಗೆ ಹೋಗಿ ಸರಿ ಮಾಡಿಕೊಟ್ಟು ಬಂದೆ. ಹೊರಗೆ ಜಗಲಿಯ ಮೇಲೆ ಪಾಠ ಹೇಳುವವರಿಲ್ಲದೆ ಬೇಜಾರಾಯಿತು.

ಗುಂಡು ಕನ್ನಡಿಯೋ ಚಪ್ಪಟೆಯೋ ಎಂಬುದು ಅಂಗಡಿಯಲ್ಲಿ ಕೂತು ತೀರ್ಮಾನವಾಗುವ ಮಾತಲ್ಲ. ಅಣ್ಣನ ಎತ್ತಿನ ಗಾಡಿಯ ಮುಂದಿನ ಗೂಟಗಳಿಗೆ ಒಂದೊಂದು ಕಡೆ ಒಂದೊಂದನ್ನು ಬಿಗಿದು, ಹಿಂದೆ ಶೇಂಗಾ ಬಳ್ಳಿಯ ಮೇಲೆ ನಾನು ಹತ್ತಿ ಕೂತೆ. ‘ಹೊಡಿ ಅಣ್ಣ’ ಎಂದೆ. ಅವನು ಗೊಣಗಿಕೊಂಡೇ ಹೊಡೆದ. ಗುಂಡು ಕನ್ನಡಿಯಲ್ಲಿ ನಾನು ಪೂರ್ತಿ ಕಾಣುತ್ತೇನಂತೆ, ಸೀರೆಯ ಅಂಚೂ ಸೇರಿ. ಚಪ್ಪಟೆಯದರಲ್ಲಿ ನನ್ನ ಒಂದು ಭುಜ ಮಾತ್ರ. ಸರಿ, ಗುಂಡನೆಯದೇ ಗೆದ್ದಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಗುಂಡು ಕನ್ನಡಿಯಲ್ಲಿ ಅದು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಎಲ್ಲೋ ದೂರದಲ್ಲಿತ್ತು. ಅಣ್ಣ ‘ಇನ್ನೂ ದೂರ ಐತೆ ಬಿಡು’ ಎಂದು ಮುಗಿಸಿರಲಿಲ್ಲ, ಕಿವಿಯ ಪಕ್ಕದಲ್ಲೇ ಹಾರನ್ನು! ಎತ್ತುಗಳು ಬೆದರಿ ಬೇಲಿಗೆ ನುಗ್ಗಿದವು. ಚಪ್ಪಟೆಯದನ್ನು ನೋಡಿದ್ದರೆ ಬಸ್ಸು ಇದ್ದಷ್ಟು ಹತ್ತಿರದಲ್ಲೇ ಕಾಣುತ್ತಿತ್ತು. ಅಲ್ಲಿಗೆ ತೀರ್ಮಾನವಾಯಿತು. ಒಂದಲ್ಲ, ಎರಡೂ ಬೇಕು.

ಎತ್ತುಗಳನ್ನು ರಸ್ತೆಗೆ ತಂದು ಮತ್ತೆ ಹೊರಟ ಮೇಲೆ ಅಣ್ಣ ಕನ್ನಡಿ ನೋಡಿದವನೇ ಬಾರುಕೋಲು ಹಿಡಿದು ಧುಮುಕಿದ. ನಾನು ಬಸ್ಸು ಮತ್ತೆ ಬಂತೇನೋ ಎಂದುಕೊಂಡೆ. ನೋಡಿದರೆ ಗಾಡಿಯ ಹಿಂದೆ ಕುರಿಗಳ ಒಂದು ಸಾಲೇ ಶೇಂಗಾ ಬಳ್ಳಿ ಎಳೆದುಕೊಂಡು ತಿನ್ನುತ್ತ ಬರುತ್ತಿತ್ತು. ‘ಇಷ್ಟು ವರ್ಷ ಮೇವು ಎಲ್ಲಿ ಹೋಗ್ತಿತ್ತು ಅಂತ ಈಗ ಗೊತ್ತಾತು ನೋಡು’ ಎಂದು ಅಣ್ಣ ರಸ್ತೆಯ ಮಧ್ಯೆ ನಿಂತು ನಗತೊಡಗಿದ. ನಾನೂ ನಕ್ಕೆ. ಬಿದ್ದ ದಿನದಿಂದ ಅವನು ನನ್ನ ಜೊತೆ ಹಾಗೆ ನಕ್ಕಿರಲಿಲ್ಲ. ಮನೆಗೆ ಬಂದವನೇ ‘ನಂಗೂ ಒಂದು ಕನ್ನಡಿ ಹೇಳು’ ಎಂದ. ಫಟಫಟಿಯ ವಿಷಯ ನಾನೇ ಎತ್ತಿದೆ. ಹಲ್ಲುಕಡ್ಡಿ ಕಡಿಯುತ್ತಲೇ ‘ಇಟ್ಕಳ್ರಿ, ಕನ್ನಡಿ ಇಲ್ದೆ ಮಾತ್ರ ಹತ್ತಬ್ಯಾಡ’ ಎಂದ. ಅಣ್ಣ ಒಪ್ಪಿದ. ಈಗ ಒಪ್ಪಬೇಕಾದವರು ನೀವೊಬ್ಬರೇ. ನಿಮ್ಮ ನಾಚಿಕೆ ಇನ್ನು ಸಾಕು, ಅದನ್ನು ಮಲ್ಲೇಶಪ್ಪನವರಿಗೆ ಮಾರಿಕೊಳ್ಳಿ, ಗಾಡಿಯನ್ನಲ್ಲ.

ಕಟ್ಟುವ ಕ್ರಮ ಹೇಳುತ್ತೇನೆ, ಗೋಡೆಗೆ ಹೇಳಿದಂತಾಗದಿರಲಿ. ಗುಂಡನೆಯದು ಎಡಗಡೆಗೆ, ಸ್ವಲ್ಪ ಒಳಮುಖವಾಗಿ, ಅದು ನನಗೆ. ಚಪ್ಪಟೆಯದು ಬಲಗಡೆಗೆ, ನೇರವಾಗಿ, ಅದು ರಸ್ತೆಗೆ. ಬುಡನ್‌ಸಾಬರು ಎರಡಕ್ಕೂ ತಗಡಿನ ಬೆನ್ನು, ಹ್ಯಾಂಡಲ್ಲಿಗೆ ಬಿಗಿಯುವ ಪಟ್ಟಿ ಮಾಡಿಸಿಕೊಟ್ಟಿದ್ದಾರೆ. ಪಟ್ಟಿಯ ಕೆಳಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಬೇಕು, ಇಲ್ಲದಿದ್ದರೆ ಇಂಜಿನ್ನಿನ ನಡುಕಕ್ಕೆ ನಾನು ನಾಲ್ಕಾಗಿ ಕಾಣುತ್ತೇನೆ. ಒಬ್ಬಳನ್ನೇ ಸಂಭಾಳಿಸುವುದು ನಿಮಗೆ ಸಾಕಾಗಿದೆ. ಸಾಮಾನಿನ ಚೀಲವನ್ನು ಇನ್ನು ಮೇಲೆ ಗಾಡಿಗೇ ಕಟ್ಟಿ, ನನಗೆ ಹಿಡಿದುಕೊಳ್ಳಲು ಎರಡು ಕೈಯೂ ಬೇಕು. ಎಡಗಡೆ ಕನ್ನಡಿಯನ್ನೇ ನೋಡುತ್ತ ಗಾಡಿ ಓಡಿಸಿದರೆ ಮಾತ್ರ ಬೆನ್ನಿಗೆ ಗುದ್ದುತ್ತೇನೆ.

ಅವ್ವ ಬೈದುಕೊಂಡೇ ನಿಮಗೆಂದು ಶೇಂಗಾ ಉಂಡೆ ಕಟ್ಟಿದ್ದಾಳೆ, ಅಳಿಯ ಸೊರಗಿರಬೇಕು ಎನ್ನುತ್ತಾಳೆ. ಅಣ್ಣ ಕೇಳಿದೆನೆಂದು ಹೇಳು ಎಂದಿದ್ದಾನೆ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ. ಮೈ ಜೋಪಾನ.

ನಿಮ್ಮ ಹಿಂದೆಯೇ ಇರುವ,
ಗಾದ್ರಮ್ಮ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು ಎಂದು ಅಣ್ಣ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಮುಖ್ಯವಾದದ್ದೇ ಉಳಿದುಬಿಟ್ಟಿತು. ಚನ್ನಗಿರಿಯ ಮಲ್ಲೇಶಪ್ಪನವರಿಗೆ ನಾನೇ ಒಂದು ಕಾರ್ಡು ಬರೆದು ಹಾಕಿದ್ದೇನೆ. ‘ಗಾಡಿ ಇಬ್ಬರದು, ಒಬ್ಬರು ಒಪ್ಪಿಲ್ಲ, ಭಾನುವಾರ ಬರುವ ಶ್ರಮ ತೆಗೆದುಕೊಳ್ಳಬೇಡಿ’ ಎಂದು. ಬೈಯುವುದಿದ್ದರೆ ಎದುರಿಗೆ ಬೈಯಿರಿ. ಶುಕ್ರವಾರ ಅಣ್ಣ ನನ್ನನ್ನು ದಾವಣಗೆರೆಯಲ್ಲಿ ಹೊನ್ನಾಳಿ ಬಸ್ಸಿಗೆ ಹತ್ತಿಸುತ್ತಾನೆ, ಕನ್ನಡಿಗಳು ನನ್ನ ಮಡಿಲಲ್ಲೇ ಇರುತ್ತವೆ. ಹೊನ್ನಾಳಿಯಲ್ಲಿ ಬಸ್ಸು ನಿಲ್ಲುವ ಕಡೆ ಗಾಡಿ ತಂದಿರಿ. ಅದೇ ಬಸ್ಸು ಸ್ವಲ್ಪ ಹೊತ್ತು ನಿಂತು ದಾವಣಗೆರೆಗೆ ವಾಪಸು ಹೊರಡುತ್ತದಂತೆ, ವಿಚಾರಿಸಿದ್ದೇನೆ. ನೀವೊಬ್ಬರೇ ಕೈಬೀಸಿಕೊಂಡು ನಿಂತಿದ್ದರೆ ನಾನು ಸೀಟು ಬಿಟ್ಟು ಏಳುವುದಿಲ್ಲ. ಕಿಟಕಿಯಿಂದ ಮೊದಲು ನೋಡುತ್ತೇನೆ. ಗಾಡಿ ಕಂಡರೆ ಇಳಿಯುತ್ತೇನೆ.