ಹದಿನೇಳನೆಯವನಿಗೆ ಕೊಟ್ಟ ಒಂಬತ್ತು

ಮನೆಯಿಂದ, ಮಹಡಿಯ ಕೋಣೆ
ಮಾರ್ಚ್ ೧೧, ಸೋಮವಾರ, ಮಧ್ಯಾಹ್ನ

ಪ್ರೀತಿಯ ಇವಳಿಗೆ,

ಮೂವತ್ತೊಂದು ವರ್ಷ ‘ಇವಳೇ’ ಎಂದೇ ಕೂಗಿದವನು ಕಾಗದದಲ್ಲಿ ಬೇರೆ ಸಂಬೋಧನೆ ಹುಡುಕಿದರೆ ನಾಟಕವಾದೀತು. ಪಕ್ಕೆಯ ನೋವು ಹೇಗಿದೆ? ಊಟವಾದ ಮೇಲೆ ಬೆನ್ನಿಗೂ ಹಬ್ಬುತ್ತಿದೆಯೇ? ಜ್ವರವಿಲ್ಲ ತಾನೇ? ತವರಿಗೆ ಹೋದಂದಿನಿಂದ ನನ್ನ ಫೋನನ್ನು ನೀನು ಎತ್ತುವುದಿಲ್ಲವಾದ್ದರಿಂದ ಎಲ್ಲವನ್ನೂ ನಿನ್ನ ತಮ್ಮನಿಂದ ತಿಳಿಯಬೇಕಾಗಿದೆ. ನಿನ್ನ ಹಳೆಯ ಸ್ಕ್ಯಾನ್ ವರದಿಗಳನ್ನು ಒಯ್ಯಲೆಂದು ಬಂದವನು ಕೆಳಗೆ ಟೀ ಕುಡಿಯುತ್ತಿದ್ದಾನೆ. ಈ ಕಾಗದವನ್ನೂ ಹಿಡಿದು ನಾಲ್ಕರ ಬಸ್ಸಿಗೆ ಹೊರಡುತ್ತಾನೆ. ಪಿತ್ತಕೋಶವನ್ನು ಗುರುವಾರವೇ ತೆಗೆಸುವುದೆಂದು ನಿಶ್ಚಯವಾಗಿದೆಯಂತೆ. “ಬಾವ, ಆ ಡಾಕ್ಟ್ರು ಏನ್ ಮಾತಾಡ್ತಾರೆ ಅಂತೀರಿ! ನಾವು ಪ್ರಶ್ನೆ ಮುಗಿಸೋದ್ರೊಳಗೆ ಉತ್ತರ ಬಂದಿರುತ್ತೆ. ಅಕ್ಕ ಅಂತೂ ಮೊದಲನೇ ದಿನಾನೇ ಒಪ್ಕೊಂಡ್ಬಿಟ್ಟಳು” ಎಂದ. ಒಂದು ತಿಂಗಳ ಹಿಂದಾಗಿದ್ದರೆ ಈ ಮಾತಿಗೆ ತಲೆದೂಗುತ್ತಿದ್ದೆ. ಇಂದು ಕೇಳಿದವನೇ ಮಹಡಿ ಹತ್ತಿ ಬಂದು ಬರೆಯಲು ಕುಳಿತೆ. ಕಾರಣವನ್ನು ಕ್ರಮವಾಗಿ ಹೇಳುತ್ತೇನೆ, ಮಧ್ಯದಲ್ಲಿ ಎದ್ದುಹೋಗಬೇಡ.

ಶಸ್ತ್ರಚಿಕಿತ್ಸೆ ಕಲಿಯುವವರ ಮೌಖಿಕ ಪರೀಕ್ಷೆಯನ್ನು ನಾನು ಇದೇ ಕೋಣೆಯಿಂದ, ಕಂಪ್ಯೂಟರಿನ ಮುಂದೆ ಕುಳಿತು ನಡೆಸುತ್ತಿದ್ದುದನ್ನು ನೀನು ಬಲ್ಲೆ. ಪರದೆಯ ಮೇಲಿನ ಮುಖಕ್ಕೆ ಹೆಸರಿಲ್ಲ, ಸಂಖ್ಯೆ ಮಾತ್ರ. ಒಬ್ಬ ರೋಗಿಯ ಪ್ರಸಂಗ, ಹತ್ತು ನಿಮಿಷದ ಪ್ರಶ್ನೋತ್ತರ, ಹತ್ತಕ್ಕೆ ಇಷ್ಟೆಂದು ಅಂಕ, ಮತ್ತೆ ಮುಂದಿನ ಮುಖ. ಕಳೆದ ವಾರ ಪರೀಕ್ಷಾ ಮಂಡಳಿಯವರು ಮೂರು ವರ್ಷದ ಹಿಂದಿನ ರೆಕಾರ್ಡಿಂಗುಗಳನ್ನು ಕಳುಹಿಸಿ, ಅಂದಿನ ಅಂಕಗಳನ್ನು ಮರೆಮಾಡಿ, ಇನ್ನೊಮ್ಮೆ ಅಂಕ ಕೊಡಿ ಎಂದರು. ಪರೀಕ್ಷಕನ ತಕ್ಕಡಿ ಎರಡು ಸಲವೂ ಒಂದೇ ತೂಕ ತೋರಿಸುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಪ್ರಸಂಗ ಪಿತ್ತಕೋಶದ್ದೇ: ಕ್ಯಾಮೆರಾ ಒಳಗಿದೆ, ಎಲ್ಲವೂ ಊದಿ ಅಂಟಿಕೊಂಡಿದೆ, ಯಾವ ನಾಳ ಯಾವುದೆಂದು ತಿಳಿಯುತ್ತಿಲ್ಲ, ಏನು ಮಾಡುವಿರಿ? ಹದಿನೇಳನೆಯವನು ನನ್ನ ಪ್ರಶ್ನೆಯ ಬಾಲವನ್ನು ತುಂಡರಿಸಿಯೇ ಆರಂಭಿಸಿದ. ನಾಲ್ಕು ನಿಮಿಷ, ಒಂದು ತೊದಲಿಲ್ಲ. ಚರ್ಚಾಸ್ಪರ್ಧೆಯಲ್ಲಿದ್ದಿದ್ದರೆ ಫಲಕ ಅವನದೇ. ಆದರೆ ನಾಳಗಳ ಗುರುತು ಹಿಡಿಯುವ ಮೊದಲೇ, ನಾಲ್ಕನೆಯ ವಾಕ್ಯದಲ್ಲಿ, ಅವನು “ಕ್ಲಿಪ್ ಹಾಕಿ ಕತ್ತರಿಸುತ್ತೇನೆ” ಎಂದುಬಿಟ್ಟಿದ್ದ. ಕತ್ತರಿಸಿದ್ದು ಯಕೃತ್ತಿನ ಮುಖ್ಯ ನಾಳವೇ ಆಗಿದ್ದರೆ ಆ ರೋಗಿಯ ಗತಿ ಏನು ಎಂಬುದನ್ನು ನಿನಗೆ ವಿವರಿಸಲಾರೆ. ಹದಿನೆಂಟನೆಯಾಕೆ ಸುಮ್ಮನೆ ಕುಳಿತಳು. ಒಂಬತ್ತು ಸೆಕೆಂಡು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಆಮೇಲೆ, “ಮುಂದಕ್ಕೆ ಹೋಗಲ್ಲ ಸರ್. ನಿಲ್ಲಿಸಿ ಹಿರಿಯರನ್ನ ಕರೀತೀನಿ” ಎಂದಳು. ಹಿರಿಯರು ಊರಲ್ಲಿಲ್ಲದಿದ್ದರೆ ಎಂದು ಕುಟುಕಿದೆ. “ಮುಚ್ಚಿ ಹೊಲಿದು, ಇರೋ ಕಡೆ ಕಳಿಸ್ತೀನಿ” ಎಂದಳು. ಈ ಸಲ ಅವನಿಗೆ ಎರಡು ಕೊಟ್ಟೆ, ಅವಳಿಗೆ ಒಂಬತ್ತು. ಮಂಡಳಿಯವರು ಹಳೆಯ ಪಟ್ಟಿಯನ್ನು ಹೆಸರು, ನೋಂದಣಿ ಸಂಖ್ಯೆಗಳ ಸಮೇತ ತೆರೆದರು: ಅವನಿಗೆ ಒಂಬತ್ತು, ಅವಳಿಗೆ ನಾಲ್ಕು. ಪಕ್ಕದಲ್ಲಿ ನಾನೇ ಬರೆದ ಟಿಪ್ಪಣಿ: ‘ಧೈರ್ಯ ಸಾಲದು’. ಪ್ರಕಟವಾದ ಫಲಿತಾಂಶವನ್ನು ಮತ್ತೆ ತೆರೆಯುವಂತಿಲ್ಲವೆಂದು ನನ್ನ ತಕರಾರಿಗೆ ಎರಡು ಸಾಲಿನ ಉತ್ತರ ಬಂತು. ಅವಳು ಪರೀಕ್ಷೆಯ ಸಹವಾಸವನ್ನೇ ಬಿಟ್ಟಳಂತೆ. ಅವನು ಎಲ್ಲೋ ಆಪರೇಷನ್ ಮಾಡುತ್ತಿದ್ದಾನೆ.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಹದಿನೆಂಟನೆಯಾಕೆ ಪರದೆಯಿಂದ ಹೋದ ಮೇಲೂ ನನ್ನ ಮೈಕು ತೆರೆದೇ ಇತ್ತು. ರೆಕಾರ್ಡಿಂಗಿನಲ್ಲಿ ಫೋನ್ ಬಡಿದುಕೊಳ್ಳುತ್ತದೆ. ನಾನು ಎತ್ತುತ್ತೇನೆ. ಅತ್ತಲಿಂದ ಮಾತಿಲ್ಲ. ಆಮೇಲೆ ನನ್ನ ಧ್ವನಿ: “ಹೇಳೋದಿದ್ರೆ ನೆಟ್ಟಗೆ ಹೇಳು. ಇಲ್ಲಾಂದ್ರೆ ಫೋನ್ ಇಡು.” ಅವನು ಇಟ್ಟ. ಹಾಸ್ಟೆಲಿನಿಂದ ನಮ್ಮ ಮಗ ಮಾಡಿದ ಕೊನೆಯ ಫೋನ್ ಅದು. ಮೂರನೆಯ ದಿನ ಅವನ ಅಪೆಂಡಿಕ್ಸ್ ಒಡೆದಿತ್ತು; ಅವನು ಉಳಿಯಲಿಲ್ಲ. ಚೆನ್ನಾಗಿದ್ದೇನೆ ಎಂದು ಅವನು ಹೇಳಿದನೆಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ನೀನು ನಂಬಿರಲಿಲ್ಲವೆಂಬುದೂ ಗೊತ್ತು. ಆ ಮೌನವನ್ನು ಗಡಿಯಾರ ಹಿಡಿದು ಎಣಿಸಿದೆ. ಆ ಹುಡುಗಿಗೆ ಒಂಬತ್ತು ಸೆಕೆಂಡು ಕೊಟ್ಟಿದ್ದೆ; ಮಗನಿಗೆ ನಾಲ್ಕು. “ಚರ್ಚಾಸ್ಪರ್ಧೆ ಹಾಗೆ ‘ಹೊತ್ತಾಯ್ತು’ ಅಂತ ನಿಮಗೆ ಮನೆಯಲ್ಲೂ ಗಂಟೆ ಬಾರಿಸೋರು ಒಬ್ಬರು ಬೇಕು” ಎಂದು ನೀನು ಹಂಗಿಸುತ್ತಿದ್ದೆ. ಬೇಕಿರಲಿಲ್ಲ, ಆ ಗಂಟೆ ಸದಾ ನನ್ನ ಕೈಯಲ್ಲೇ ಇತ್ತು. ಪ್ರತಿವಾದ ಹೂಡುವುದಿಲ್ಲ, ಕ್ಷಮೆಗೆಂದು ವಾದಿಸುವುದೂ ಇಲ್ಲ.

ನಿನ್ನ ತಾಯಿಯವರಿಗೆ ನಮಸ್ಕಾರ ತಿಳಿಸು. ನೋವಿದ್ದರೆ ಯಾರೊಡನಾದರೂ ಹೇಳು, ನುಂಗಬೇಡ.

ಇಂತು,
ನಿನ್ನ ‘ಏನೂಂದ್ರೆ’

ಮರೆತ ಮಾತಲ್ಲ, ಈಗಷ್ಟೇ ಕಂಡದ್ದು: ವರದಿಗಳನ್ನು ಕೊಡಲು ಕೆಳಗಿಳಿದೆ. ನಿನ್ನ ತಮ್ಮ ಗುರುವಾರದ ಆಸ್ಪತ್ರೆಯ ಚೀಟಿ ತೋರಿಸಿದ. ಕೆಳಗೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ. ಮಂಡಳಿಯ ಪಟ್ಟಿಯೊಡನೆ ಎರಡು ಸಲ ತಾಳೆ ನೋಡಿದೆ. ಅವನೇ, ಹದಿನೇಳನೆಯವನು. ಮೂರು ವರ್ಷದಲ್ಲಿ ಕಲಿತಿರಬಹುದು. ಎದುರು ಪಕ್ಷದ ಆ ವಾದವನ್ನು ಒಪ್ಪುತ್ತೇನೆ. ಆದರೆ ನಿನ್ನನ್ನು ಮೇಜಿನ ಮೇಲೆ ಮಲಗಿಸಿ ಅದನ್ನು ಪರೀಕ್ಷಿಸಲಾರೆ. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳು: “ಒಳಗೆ ಏನೂ ಗುರುತು ಸಿಗದಿದ್ದರೆ ಏನ್ ಮಾಡ್ತೀರಿ?” ಅವನು ತಡೆದು, ಯೋಚಿಸಿ, ನಿಲ್ಲಿಸ್ತೀನಿ ಎಂದರೆ ಕುಳಿತಿರು. ನಿನ್ನ ಮಾತು ಮುಗಿಯುವ ಮೊದಲೇ ಉತ್ತರ ಬಂದರೆ ಎದ್ದು, ಚಪ್ಪಲಿ ಮೆಟ್ಟಿ, ಹೊರಗೆ ಬಾ. ಬರಬೇಡ ಎಂದಿದ್ದೀಯೆ, ಆದರೂ ಬಾಗಿಲಾಚೆ ನಾನಿರುತ್ತೇನೆ. ನನ್ನೊಡನೆ ಏನೂ ಮಾತಾಡಬೇಕಾಗಿಲ್ಲ. ಈ ಸಲ ಎಷ್ಟು ಹೊತ್ತಾದರೂ ಕಾಯುತ್ತೇನೆ.