ಎರಡಾಗಿ ಕೊಯ್ದ ಮಂಚ

ಅಪ್ಪಾ,

ನಿನಗಾಗಿದ್ದ ಗುದನಾಳದ ಕ್ಯಾನ್ಸರ್ ನನಗೂ ಬಂದು, ಆಪರೇಷನ್ ಆಗಿ ಗುಣವಾಯಿತು. ಗಂಡಸುತನ ಮಾತ್ರ ಮುಷ್ಕರ ಹೂಡಿತು. ಇವತ್ತು ಡಾಕ್ಟರ ಎದುರು ನಾನು ಅವರ ಮೇಜು ಯಾವ ಮರದ್ದೆಂದು ನೋಡುತ್ತ ಕೂತೆ; ಬಾಯಿಬಿಟ್ಟು ಕೇಳಿದವಳು ನಿನ್ನ ಸೊಸೆ.

“ನರಕ್ಕೆ ಪೆಟ್ಟಾಗಿರುತ್ತೆ. ತುಂಬಾ ಜನಕ್ಕೆ ಹೀಗಾಗುತ್ತೆ. ಮಾತ್ರೆ ಕೊಟ್ಟು ನೋಡೋಣ, ಬೇರೆ ದಾರಿಗಳೂ ಇವೆ,” ಎಂದರು ಡಾಕ್ಟರು.

“ಇಷ್ಟಕ್ಕೇ ಆರು ತಿಂಗಳು ಮುಖ ಊದಿಸ್ಕೊಂಡಿದ್ರಾ!” ಎಂದು ಇವಳು ದಾರಿಯುದ್ದಕ್ಕೂ ನಕ್ಕಳು.

ಅಂದು ನೀನು ಇದೇ ಆಪರೇಷನ್ ಮುಗಿಸಿಕೊಂಡು ಆಸ್ಪತ್ರೆಯಿಂದ ಬಂದವನೇ, ಏನೂ ಹೇಳದೆ, ಜೋಡಿಮಂಚವನ್ನು ಎರಡಾಗಿ ಕೊಯ್ದು ಹೊಸ ಕಾಲು ಕೂರಿಸಿದೆ. “ನಾನೇನು ತಪ್ಪು ಮಾಡಿದ್ನೋ” ಎಂದು ಅಮ್ಮ ಕೊನೆಯವರೆಗೂ ನನ್ನನ್ನು ಕೇಳುತ್ತಿದ್ದಳು.

ಇವತ್ತು ಸಂಜೆ ನಾನು ಆ ಎರಡು ಮಂಚಗಳನ್ನೂ ಸೇರಿಸಿ ಬೋಲ್ಟ್ ಬಿಗಿದೆ. ಎಂಥ ಬಡಗಿಯಪ್ಪಾ ನೀನು! ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ.