ಬ್ರೋಷರ್‌ನಲ್ಲಿದ್ದ ನನ್ನ ಮಾತು

೧೪ ಅಕ್ಟೋಬರ್ ೨೦೨೫, ಮಂಗಳವಾರ. ವೆಸ್ಟ್‌ಮೀಡ್, ಸಿಡ್ನಿ.

ಬೆಳ್ತಂಗಡಿಯ ಆ ಹುಡುಗಿಯ ಇಂಟರ್‌ವ್ಯೂ ಫಾರ್ಮ್ ಇನ್ನೂ ಕಳಿಸಿಲ್ಲ.

ಬೆಳಿಗ್ಗೆ ಯೂನಿವರ್ಸಿಟಿ ಅಡ್ಮಿಷನ್‌ಗಾಗಿ ವಿಡಿಯೋದಲ್ಲಿ ಅವಳ ಇಂಟರ್‌ವ್ಯೂ ಮಾಡಿದೆ. ಹೆಸರು ಶರಣ್ಯಾ. ನಮ್ಮದೇ ಯೂನಿವರ್ಸಿಟಿ ಯಾಕೆ ಎಂದು ಕೇಳಿದರೆ, "ಕ್ಯಾಂಪಸ್‌ಗೆ ಕಾಲಿಟ್ಟ ಮೊದಲ ದಿನವೇ ನನಗೆ ಇದು ಮನೆ ಅನ್ನಿಸಿತು" ಎಂದು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದಳು. ಪಾಪ, ಅವಳಿನ್ನೂ ವಿಮಾನವನ್ನೇ ಹತ್ತಿಲ್ಲ.

ಆ ಸಾಲು ನನ್ನದು. ಒಂಬತ್ತು ವರ್ಷದ ಹಿಂದೆ, ನಾನಿಲ್ಲಿ ಓದುತ್ತಿದ್ದಾಗ ಬಂದ ಬ್ರೋಷರ್‌ನಲ್ಲಿ ನನ್ನ ಫೋಟೊದ ಕೆಳಗಿದೆ. ಊರಿನ ಏಜೆಂಟರು ಈಗಲೂ ಅದನ್ನೇ ಹಂಚುತ್ತಾರೆ. ನನ್ನದು ಎಂದೆನಾದರೂ ಬರೆದವರು ಆಫೀಸಿನವರು. ನಾನು ನಗುತ್ತಾ ನಿಂತಿದ್ದೆ, ಅಷ್ಟೇ. ಆ ಸೆಮಿಸ್ಟರ್ ಇಡೀ ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಡಬ್ಬಿಯ ಊಟ ಮಾಡಿದವಳು ನಾನು.

ಪಕ್ಕದ ಸೀಟಿನ ಜಯಾ, "ಬಾಯಿಪಾಠ ತಾನೇ? ಟಿಕ್ ಮಾಡಿ ಕ್ಲೋಸ್ ಮಾಡ್ರೀ" ಎಂದರು. ಫಾರ್ಮ್‌ನಲ್ಲಿ ಬಾಯಿಪಾಠ ಎಂದು ಟಿಕ್ ಹಾಕಿದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಹಾಕಿಬಿಡುತ್ತಿದ್ದೆನೋ ಏನೋ. ಆದರೆ ಕಾಲ್ ಮುಗಿಯುವಾಗ ಅವಳು ಮೆಲ್ಲಗೆ ಕನ್ನಡದಲ್ಲಿ ಕೇಳಿದ್ದಳು: "ಮೇಡಂ, ಅಲ್ಲಿ ನಿಜವಾಗಿ ಹಾಗೆಯೇ ಉಂಟಾ?"

"ಹೌದು, ಮೊದಲ ದಿನವೇ ಮನೆ ಅನ್ಸುತ್ತೆ" ಎಂದುಬಿಟ್ಟೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವಳಿಗಿಂತ ಗಡಗಡ ಒಪ್ಪಿಸಿದೆ.

ಗುರುವಾರಕ್ಕೆ ಶರಣ್ಯಾಳದೇ ಇನ್ನೊಂದು ಇಂಟರ್‌ವ್ಯೂ ಬುಕ್ ಮಾಡಿದ್ದೇನೆ. ಜಯಾ ಏನಾದರೂ ಅಂದುಕೊಳ್ಳಲಿ. ಪ್ರಶ್ನೆ ಅದೇ, ಆದರೆ ಈ ಸಲ ಮೊದಲು ಉತ್ತರ ಹೇಳಬೇಕಾದವಳು ನಾನು. ಆ ಮೆಟ್ಟಿಲಿನಿಂದ ಶುರು ಮಾಡಬೇಕು.